ಗುರುತಿಲ್ಲದ ಮನೆ, ಗುರುತಿಲ್ಲದ ಮುಖ: ಹೆದರಿದ್ದು ಹುಡುಗಿಯೋ, ಕೂಸೋ?

[ದೃಶ್ಯ: ಕೊಪ್ಪಳದಲ್ಲೊಂದು ಬಾಡಿಗೆ ಮನೆ. ಸಂಜೆ 7 ಗಂಟೆ. ಗಂಡ ಬೈಕ್ ತೆಗೆಯುತ್ತಿದ್ದಾನೆ, ಹೆಂಡತಿ ಬಾಗಿಲಲ್ಲಿ.]

"ಹೊಸಪ್ಯಾಟಿಗೆ ಹೋಗಿ ರಿಸೆಪ್ಷನ್ ಮುಗಿಸ್ಕೊಂಡು ಹತ್ತರೊಳಗ ಬಂದಬಿಡ್ತೀವವಾ. ಹಾಲು ಫ್ರಿಜ್‌ನ್ಯಾಗ ಐತಿ, ಬೆಚ್ಚಗ ಮಾಡಿ ಕುಡಸು."

"ಹೂನ್ರಿ ಅಕ್ಕಾರ."

ಧ್ವನಿ: ಬೇಬಿಸಿಟ್ಟರ್ ಅನ್ನೋ ಮಾತು ನಮ್ಮ ಕಡೆ ಯಾರ ಬಾಯಲ್ಲೂ ಇಲ್ಲ. "ಕೂಸು ನೋಡ್ಕೊಳ್ಳಾಕ ಬರ್ತಿಯೇನ?" ಅಂತಾರೆ, ಹುಡುಗಿ ಬರ್ತಾಳೆ. ಇವಳು ಭಾಗ್ಯನಗರದವಳು, 19 ವರ್ಷ. ಅಕ್ಕನ ಮಕ್ಕಳನ್ನೆಲ್ಲ ಸೊಂಟದ ಮೇಲೆ ಹೊತ್ತು ಬೆಳೆಸಿದವಳೇ. ಆದರೆ ಕಂಡರಿಯದವರ ಮನೆ ಇದೇ ಮೊದಲು. ಕಥೆ ನಾನು ಕಟ್ಟಿದ್ದು. ಅದರೊಳಗೆ ಆಗುವುದು ಮಾತ್ರ ಯಾರಿಗಾದರೂ ಆಗುವಂಥದ್ದು.

[ಸದ್ದು: ಮೇಲಿನಿಂದ 'ಟಕ್'.]

ಧ್ವನಿ: ಕಳ್ಳ ಅಲ್ಲ. ಹಗಲೆಲ್ಲ ಬಿಸಿಲಿಗೆ ಕಾದು ಹಿಗ್ಗಿದ ತಗಡು ಸಂಜೆ ತಣ್ಣಗಾಗುತ್ತ ಕುಗ್ಗುತ್ತದೆ, ಆಗ ಹೀಗೆ ಸದ್ದು ಮಾಡುತ್ತದೆ. ಅವಳ ಮನೆಯಲ್ಲೂ ದಿನಾ ಆಗುತ್ತೆ, ಅಲ್ಲಿ ಕಿವಿಗೇ ಬೀಳಲ್ಲ.

ಅಷ್ಟರಲ್ಲಿ ಕರೆಂಟ್ ಹೋಯ್ತು. ಮೊಬೈಲ್ ಟಾರ್ಚ್ ಹಾಕಿದರೆ ಎದುರಿಗೆ ಎರಡು ದೊಡ್ಡ ಕಣ್ಣು! ಟಿವಿ ಪಕ್ಕದ ಕಿನ್ನಾಳ ಗೊಂಬೆ. ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟು ಬಳಸಿ, ಮೇಲೆ ಬಣ್ಣ ಬರೆಯುವ ಗೊಂಬೆ. ಹಗಲಲ್ಲಿ ನೋಡಿದರೆ ಕಣ್ಣು ಬರೆದ ಚಿತ್ರಗಾರನಿಗೆ ಕೈ ಮುಗಿಯಬೇಕು ಅನಿಸುತ್ತೆ. ಕತ್ತಲಲ್ಲಿ ಬೇರೆ ಮಾತು. ಹುಡುಗಿ ಮೆಲ್ಲಗೆ ಹೋಗಿ ಅದನ್ನು ಗ್ವಾಡಿ ಕಡೆ ತಿರುಗಿಸಿಟ್ಟಳು.

ನಗಬೇಡಿ. 2016ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು ಹೊಸ ಜಾಗದಲ್ಲಿ ಮಲಗಿದವರ ಮೆದುಳನ್ನು ಪರೀಕ್ಷಿಸಿದರು. ಮೊದಲ ರಾತ್ರಿ ಎಡಭಾಗ ಬಲಭಾಗದಷ್ಟು ಗಾಢ ನಿದ್ದೆಗೆ ಇಳಿಯಲಿಲ್ಲ, ಅಪರೂಪದ ಸದ್ದಿಗೆ ಕಿವಿ ಕೊಟ್ಟೇ ಇತ್ತು. "ಜಾಗ ಬದಲಾದ್ರ ನಿದ್ದಿ ಹತ್ತಂಗಿಲ್ಲ" ಅಂತ ನಮ್ಮಜ್ಜಿ ಯಂತ್ರ ಇಲ್ಲದೇ ಹೇಳ್ತಿದ್ದಳು. ನಿದ್ದೆಯಲ್ಲೇ ಕಾವಲು ಕಾಯುವ ಮೆದುಳು ಎಚ್ಚರ ಇದ್ದಾಗ ಸುಮ್ಮನಿರುತ್ತಾ?

[ಸದ್ದು: ಕೂಸಿನ ಅಳು.]

ಧ್ವನಿ: 11 ತಿಂಗಳ ಕೂಸು. ಕಣ್ಣು ಬಿಟ್ಟರೆ ಅವ್ವ ಇಲ್ಲ, ಟಾರ್ಚ್ ಬೆಳಕಲ್ಲಿ ಯಾವುದೋ ಮುಖ. ಕೂಸಿನ ಮಟ್ಟಿಗೆ ಕಿನ್ನಾಳ ಗೊಂಬೆ ಈಗ ಇವಳೇ!

ಎಂಟು ತಿಂಗಳ ಆಸುಪಾಸಿನಲ್ಲಿ ಮಕ್ಕಳು ಹೊಸಬರನ್ನು ಕಂಡರೆ ಹೆದರಲು ಶುರುಮಾಡುತ್ತವೆ. ಅದು ಹಟವಲ್ಲ, ತನ್ನವರು ಯಾರು ಅನ್ನೋ ಗುರುತು ಗಟ್ಟಿಯಾದ ಲಕ್ಷಣ. ಜೊತೆಗೆ ದೊಡ್ಡವರ ಮುಖ ಓದುವುದನ್ನೂ ಕಲಿಯುತ್ತವೆ. 1985ರ ಒಂದು ಪ್ರಯೋಗದಲ್ಲಿ ವರ್ಷದ ಮಕ್ಕಳನ್ನು ಗಾಜಿನ ಮೇಜಿನ ಮೇಲೆ ಬಿಟ್ಟರು. ಗಾಜಿನ ಕೆಳಗೆ ತಗ್ಗು ಇದ್ದಂತೆ ಕಾಣುತ್ತೆ, ಆಚೆ ತಾಯಿ. ತಾಯಿ ನಕ್ಕಾಗ 19ರಲ್ಲಿ 14 ಮಕ್ಕಳು ದಾಟಿದವು. ಹೆದರಿದ ಮುಖ ಮಾಡಿದಾಗ 17ರಲ್ಲಿ ಒಂದೂ ದಾಟಲಿಲ್ಲ. ಅಲ್ಲಿದ್ದವರು ತಾಯಂದಿರು, ನಿಜ. ಆದರೂ ಬೆವರಿದ ಮುಖ ಹೊತ್ತು ತೊಟ್ಟಿಲ ಮೇಲೆ ಬಗ್ಗಿದರೆ ಕೂಸು ಏನಂದುಕೊಳ್ಳಬೇಕು?

ಹುಡುಗಿ ಎತ್ತಿಕೊಳ್ಳಲು ಅವಸರ ಮಾಡಲಿಲ್ಲ. ಟಾರ್ಚನ್ನು ಮೇಲ್ಚಾವಣಿಗೆ ತಿರುಗಿಸಿ, ಸ್ವಲ್ಪ ದೂರ ನೆಲದ ಮೇಲೆ ಕೂತು, ಚಮಚದಿಂದ ಲೋಟ ಬಡಿಯುತ್ತ ತನ್ನ ಪಾಡಿಗೆ ಗುನುಗಿದಳು. ಕೈಗೆ ಸಿಕ್ಕ ತಾಯಿಯ ಹಳೇ ಸೀರೆಯನ್ನು ಮಡಿಲಲ್ಲಿ ಹಾಸಿಕೊಂಡಳು. ಅಳು ಬಿಕ್ಕಾಯಿತು, ಬಿಕ್ಕು ನಿಂತಿತು.

ಒಂದು ಮಾತು ನಡುವೆ. ಆ ಮನೆಯಲ್ಲಿ ನಿಜವಾಗಿ ಹೆದರಬೇಕಾದ್ದು ಅವಳಿಗೆಂದು ಇಟ್ಟುಹೋದ ಮಂಡಕ್ಕಿ ಒಗ್ಗರಣಿಗೆ! ಅದರಲ್ಲಿ ಶೇಂಗಾ ಇದೆ. ಅಂಬೆಗಾಲಿಡುವ ಕೂಸಿನ ಉಸಿರ್ಗೊಳವೆ ಕಿರುಬೆರಳಿಗಿಂತ ಸಪೂರ, ಒಂದು ಕಾಳು ಸಾಕು. ತಟ್ಟೆ ಎತ್ತರಕ್ಕೆ ಹೋಗಲಿ. ಸಿಕ್ಕಿಕೊಂಡು ಕೂಸು ಕೆಮ್ಮಲೂ ಆಗದಿದ್ದರೆ, ತಲೆ ಕೆಳಗಾಗುವಂತೆ ಮುಂಗೈ ಮೇಲೆ ಬೋರಲು ಹಾಕಿ ಹೆಗಲುಗಳ ನಡುವೆ 5 ಸಲ ತಟ್ಟಿ, ಮಗುಚಿ ಎದೆ ನಡುವೆ 5 ಸಲ ಒತ್ತಬೇಕು. ಕೂಸಿಗೆ ಎಚ್ಚರ ಇರುವಷ್ಟು ಹೊತ್ತು, ಹೊರಬರುವ ತನಕ ಹೀಗೇ. 112ಕ್ಕೆ ಫೋನ್ ಸ್ಪೀಕರಲ್ಲೇ ಹೋಗಲಿ.

[ದೃಶ್ಯ: ಹತ್ತೂವರೆ. ಬೈಕ್ ಸದ್ದು. ಸೀರೆ ಹಿಡಿದು ಮಲಗಿದ ಕೂಸು.]

"ಹೆದ್ರಿಕಿ ಆತೇನವಾ?"

"ಇಲ್ರಿ ಅಕ್ಕಾರ, ಎದರ ಹೆದ್ರಿಕಿ?"

"ಮತ್ತ ಆ ಗೊಂಬಿ ಯಾಕ ಗ್ವಾಡಿ ಕಡೆ ಮುಖ ಮಾಡಿ ನಿಂತೈತಿ?"