ಸ್ಕ್ಯಾನಿಂಗ್ ಥರಾನೇ ಅಂತೆ!

ಮೊನ್ನೆ ಹುಬ್ಬು ಮಾಡಿಸಲು ಪಾರ್ಲರ್‌ಗೆ ಹೋಗಿದ್ದೆ. ಗೋಡೆ ಮೇಲೆ ಹೊಸ ಬೋರ್ಡು: 'ಹೈಫು ಫೇಶಿಯಲ್. ಸೂಜಿ ಇಲ್ಲ, ಕೊಯ್ಯಲ್ಲ.' ಏನಮ್ಮ ಇದು ಅಂದೆ. "ಚರ್ಮ ಬಿಗಿ ಮಾಡೋ ಅಲ್ಟ್ರಾಸೌಂಡ್ ಅಕ್ಕಾ. ಬಸುರಿಯರಿಗೆ ಮಾಡ್ತಾರಲ್ಲ, ಸ್ಕ್ಯಾನಿಂಗ್ ಥರಾನೇ. ಏನೂ ಆಗಲ್ಲ" ಅಂದಳು.

ನನ್ನ ತಕರಾರು ಇರುವುದೇ ಆ 'ಥರಾನೇ' ಮೇಲೆ.

ಎರಡೂ ಕಿವಿಗೆ ಕೇಳದ ಶಬ್ದವೇ, ನಿಜ. ಚಳಿಗಾಲದಲ್ಲಿ ಬೆನ್ನು ಕಾಯಿಸುವ ಬಿಸಿಲೂ ಭೂತಗನ್ನಡಿಯಡಿ ಕಾಗದ ಸುಡುವ ಬಿಸಿಲೂ ಒಬ್ಬನೇ ಸೂರ್ಯನದು. ಹಾಗಂತ ಭೂತಗನ್ನಡಿ ಕೆಳಗೆ ಯಾರಾದರೂ ಕೈ ಇಡುತ್ತಾರಾ? ಹೈಫು ಅಂದರೆ ಶಬ್ದಕ್ಕೆ ಹಿಡಿದ ಭೂತಗನ್ನಡಿ. ಅಲೆಗಳು ಚರ್ಮ ದಾಟಿ ಒಳಗೆ ಒಂದು ಸಣ್ಣ ಜಾಗದಲ್ಲಿ ಕೂಡುತ್ತವೆ. ಆಸ್ಪತ್ರೆಯಲ್ಲಿ ಗಡ್ಡೆ ಸುಡುವ ಹೈಫು ಯಂತ್ರದಲ್ಲಾದರೆ ಆ ಜಾಗ ಹೆಚ್ಚುಕಡಿಮೆ ಅಕ್ಕಿಕಾಳಿನಷ್ಟು. ಅಲ್ಲಿ 56 ಡಿಗ್ರಿ ಒಂದು ಸೆಕೆಂಡ್ ನಿಂತರೆ ಸಾಕು, ಜೀವಕೋಶ ಸತ್ತಂತೆ.

ಇದು ಹೊಸ ಸಂಗತಿಯೂ ಅಲ್ಲ. ನ್ಯೂಯಾರ್ಕ್ ಹತ್ತಿರದ ಟಕ್ಸೀಡೊ ಪಾರ್ಕ್‌ನಲ್ಲಿ ಆಲ್ಫ್ರೆಡ್ ಲೂಮಿಸ್ ಎಂಬ ಸಾಹುಕಾರ ತನ್ನದೇ ಪ್ರಯೋಗಶಾಲೆ ಇಟ್ಟುಕೊಂಡಿದ್ದ. ಅವನೂ ಭೌತವಿಜ್ಞಾನಿ ರಾಬರ್ಟ್ ವುಡ್ ಕೂಡ ಅಲ್ಲಿ ಕಂಡದ್ದನ್ನು 1927ರಲ್ಲಿ ಬರೆದಿಟ್ಟರು. ಎಣ್ಣೆಯೊಳಗೆ ಕ್ವಾರ್ಟ್ಸ್ ಬಿಲ್ಲೆ ಇಟ್ಟು 50,000 ವೋಲ್ಟ್ ಹರಿಸಿದರೆ ಬಿಲ್ಲೆ ಅದುರಿ ಅಲ್ಟ್ರಾಸೌಂಡ್ ಹುಟ್ಟುತ್ತಿತ್ತು, ಎಣ್ಣೆ ಗುಡ್ಡೆಯಾಗಿ ಏಳುತ್ತಿತ್ತು, ತುದಿಯಿಂದ ಹನಿ ಚಿಮ್ಮುತ್ತಿತ್ತು. ಮೀನು, ಕಪ್ಪೆ ಸತ್ತವು. ನನಗೆ ಇಷ್ಟವಾಗುವುದು ಥರ್ಮಾಮೀಟರ್ ಕಥೆ. ಆ ಎಣ್ಣೆಗೆ ಅದ್ದಿದರೆ ಪಾದರಸ ತೋರಿಸಿದ್ದು ಬರೀ 25 ಡಿಗ್ರಿ. ಅದೇ ಗಾಜಿನ ಕಡ್ಡಿಯನ್ನು ಬೆರಳಲ್ಲಿ ಒತ್ತಿ ಹಿಡಿದರೆ ಚುರ್! ಗಾಜು ಬಿಸಿಯಾಗಿರಲಿಲ್ಲ. ಅದರ ಅದುರಾಟ ಚರ್ಮಕ್ಕೆ ತಾಗಿದ ಕಡೆ ಸುಡುತ್ತಿತ್ತು.

ಸುಡುವುದು ಒಂದಾದರೆ, ನೀರಲ್ಲಿ ಏಳುವ ಗುಳ್ಳೆ ಇನ್ನೊಂದು. ಒಡವೆ ಅಂಗಡಿಯಲ್ಲಿ ಸರ ತೊಳೆಯುವ ಪುಟ್ಟ ತೊಟ್ಟಿ ನೋಡಿದ್ದೀರಲ್ವಾ? ಅದೂ ಅಲ್ಟ್ರಾಸೌಂಡೇ. ಅದರೊಳಗೆ ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್ ಇಳಿಬಿಡಿ. ಸ್ವಲ್ಪ ಹೊತ್ತಿನಲ್ಲಿ ಗೆದ್ದಲು ತಿಂದ ಹಾಗೆ ತೂತು ತೂತು. ನೀರಲ್ಲಿ ಹುಟ್ಟಿದ ಗುಳ್ಳೆಗಳು ಕುಸಿಯುವಾಗ ಕೊಡುವ ಪೆಟ್ಟು ಅದು. ಆ ಗಳಿಗೆ ಗುಳ್ಳೆಯೊಳಗೆ ಸಾವಿರಾರು ಡಿಗ್ರಿ ಬಿಸಿ ಇರುತ್ತದೆ, ಪಕ್ಕದ ನೀರು ತಣ್ಣಗೇ ಇರುತ್ತದೆ.

ಹಾಗಂತ ಹೈಫು ಕೆಟ್ಟದ್ದು ಅನ್ನುತ್ತಿಲ್ಲ. ಅದೇ ಗುಳ್ಳೆಗಳಿಂದ ಯಕೃತ್ತಿನ ಗಡ್ಡೆಯನ್ನು ಪುಡಿಮಾಡುವ ಹಿಸ್ಟೋಟ್ರಿಪ್ಸಿ ಎಂಬ ಚಿಕಿತ್ಸೆಗೆ 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಕೈ ನಡುಗುವ ಕಾಯಿಲೆಗೆ ಮಿದುಳಿನ ಒಂದು ಸಣ್ಣ ಜಾಗ ಸುಡುವ ಹೈಫುಗೆ 2016ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಅದನ್ನು ಹೇಗೆ ಮಾಡುತ್ತಾರೆ ಗೊತ್ತಾ? ರೋಗಿ ಎಂಆರ್‌ಐ ಒಳಗೆ ಎಚ್ಚರವಾಗಿಯೇ ಮಲಗಿರುತ್ತಾರೆ. ಮೊದಲು ಸ್ವಲ್ಪವೇ ಬಿಸಿ. ಪರದೆಯಲ್ಲಿ ಮಿದುಳಿನ ತಾಪ ನೋಡುತ್ತಾರೆ. ರೋಗಿಯ ಕೈಗೆ ಪೆನ್ನು ಕೊಟ್ಟು ಸುರುಳಿ ಬರೆಸುತ್ತಾರೆ. ಗೆರೆ ನೆಟ್ಟಗಾಗುತ್ತಿದೆ, ಮಾತು ತೊದಲುತ್ತಿಲ್ಲ ಅಂತ ಖಾತ್ರಿಯಾದ ಮೇಲೆಯೇ ಬಿಸಿ ಏರಿಸುವುದು.

ಪಾರ್ಲರ್‌ನಲ್ಲಿ ಯಾರು ಏನು ನೋಡುತ್ತಾರೆ? ಎಷ್ಟೋ ಯಂತ್ರಗಳಲ್ಲಿ ಪರದೆಯಲ್ಲಿ ಕಾಣುವುದು ಅಂಕಿ ಮಾತ್ರ, ಚರ್ಮದ ಒಳಗಲ್ಲ. ಕೆನ್ನೆಯಡಿ ಮುಖ ಆಡಿಸುವ ನರ ಹಾದುಹೋಗುತ್ತದೆ. ಸುಟ್ಟ ಗಾಯ, ಬಾಯಿ ಸೊಟ್ಟಗಾದದ್ದು, ಎರಡೂ ವೈದ್ಯಕೀಯ ವರದಿಗಳಲ್ಲಿವೆ.

"ಎಷ್ಟು ಮಿಲಿಮೀಟರ್ ಆಳಕ್ಕೆ ಹೊಡೀತೀಯಮ್ಮ?" ಅಂತ ಕೇಳಿದೆ. ಒಂದೂವರೆ, ಮೂರು, ನಾಲ್ಕೂವರೆ ಅಂತ ಯಂತ್ರದ ತುದಿಗೆ ಸಿಕ್ಕಿಸುವ ಬೇರೆ ಬೇರೆ ಆಳದ ಕಾರ್ಟ್ರಿಜ್ ಬರುತ್ತವೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ರೇಟ್ ಕಾರ್ಡ್ ತಂದುಕೊಟ್ಟಳು.