ಭಾಗಿಸದೆ ತಿಳಿದ ಅವಿಭಾಜ್ಯ

ಎಲ್ಲರಿಗೂ ನಮಸ್ಕಾರ. ‘ಕಂಪ್ಯೂಟರ್ ಇದೆಯಲ್ಲ ಸಾರ್, ಎಲ್ಲದರಿಂದಲೂ ಭಾಗಿಸಿ ನೋಡಿದರೆ ಅವಿಭಾಜ್ಯ ಹೌದೋ ಅಲ್ಲವೋ ಗೊತ್ತಾಗುತ್ತೆ’ ಎನ್ನುವ ಮಾತು ಈಚೆಗೆ ಜಾಸ್ತಿ ಕೇಳುತ್ತಿದ್ದೇನೆ. ಗೊತ್ತಾಗಲ್ಲ. ಅದನ್ನು ಹೇಳೋಕೆ ಒಂದೇ ಸಂಖ್ಯೆ ಹಿಡಿದು ಬಂದಿದ್ದೇನೆ. ಎರಡರ 127ನೇ ಘಾತ, ಅದರಲ್ಲಿ ಒಂದು ಕಳೆಯಿರಿ:

170141183460469231731687303715884105727.

39 ಅಂಕಿ. ಬೆಸ ಸಂಖ್ಯೆಗಳಿಂದ ಒಂದೊಂದಾಗಿ ಭಾಗಿಸುತ್ತಾ ವರ್ಗಮೂಲದವರೆಗೆ ಹೋಗಬೇಕು ಅನ್ನಿ. ಸೆಕೆಂಡಿಗೆ ನೂರು ಕೋಟಿ ಭಾಗಾಕಾರ ಮಾಡುವ ಯಂತ್ರಕ್ಕೂ ಇನ್ನೂರು ವರ್ಷ ಹಿಡಿಯುತ್ತದೆ. ಆದರೆ ಇದು ಅವಿಭಾಜ್ಯ ಅಂತ ಫ್ರಾನ್ಸಿನ ಗಣಿತಜ್ಞ ಎದುವಾರ್ ಲ್ಯೂಕಾ 1876ರಲ್ಲೇ, ಕೈಲೆಕ್ಕದಲ್ಲೇ ತೋರಿಸಿದರು.

ಹೇಗೆ? ಅವರ ದಾರಿಯನ್ನು ಮುಂದೆ ಅಮೆರಿಕದ ಗಣಿತಜ್ಞ ಲೆಹ್ಮರ್ ಚೊಕ್ಕ ಮಾಡಿದರು. ಆ ರೂಪದಲ್ಲಿ ಚಿಕ್ಕ ತಮ್ಮನ ಮೇಲೆ, ಅಂದರೆ ಎರಡರ 7ನೇ ಘಾತದಿಂದ ಒಂದು ಕಳೆದ 127ರ ಮೇಲೆ, ಮಾಡಿ ತೋರಿಸುತ್ತೇನೆ. 4ರಿಂದ ಶುರು. ವರ್ಗ ಮಾಡಿ, 2 ಕಳೆಯಿರಿ, 127ರಿಂದ ಬರುವ ಶೇಷ ಮಾತ್ರ ಇಟ್ಟುಕೊಳ್ಳಿ. 14. ಆಮೇಲೆ 194, ಶೇಷ 67. ಆಮೇಲೆ 42. ಆಮೇಲೆ 111. ಐದನೇ ಸಲ 12319, ಅದು ಸರಿಯಾಗಿ 127ರ 97 ಪಟ್ಟು. ಸೊನ್ನೆ! ಏಳಕ್ಕೆ ಎರಡು ಕಮ್ಮಿ, ಐದು ಸಲ. ಎರಡರ ಘಾತದಿಂದ ಒಂದು ಕಳೆದ ಇಂಥ ಸಂಖ್ಯೆಗೆ ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. 127ಕ್ಕೆ ಅಪವರ್ತನ ಇದೆಯಾ ಅಂತ 3ರಿಂದ, 5ರಿಂದ, 7ರಿಂದ ನಾವು ಭಾಗಿಸಲೇ ಇಲ್ಲ, ನೋಡಿ.

ಲ್ಯೂಕಾ ಲೆಕ್ಕ ಹಾಕಿದ್ದು ಚದುರಂಗದ ಮಣೆಯಂಥ ಹಲಗೆಯ ಮೇಲೆ. ಸಾಲಿಗೆ 127 ಮನೆ, ಅಂಥ 127 ಸಾಲು. ಎಲ್ಲವೂ ದ್ವಿಮಾನದಲ್ಲಿ: ಮನೆಯಲ್ಲಿ ಕಾಯಿ ಇದ್ದರೆ 1, ಇಲ್ಲದಿದ್ದರೆ 0. ಇದರ ಸೊಗಸು ಇಲ್ಲಿದೆ. ಶೇಷ ತೆಗೆಯೋಕೂ ಭಾಗಾಕಾರ ಬೇಡ. 127 ಮನೆ ದಾಟಿ ಹೊರಬಿದ್ದದ್ದನ್ನು ಮತ್ತೆ ಮೊದಲ ಮನೆಯಿಂದ ಕೂಡಿಸಿದರೆ ಮುಗಿಯಿತು. 1951ರವರೆಗೆ, 75 ವರ್ಷ, ಆ 39 ಅಂಕಿಯ ಸಂಖ್ಯೆಗಿಂತ ದೊಡ್ಡ ಅವಿಭಾಜ್ಯ ಯಾರಿಗೂ ಸಿಗಲಿಲ್ಲ.

ಎರಡರ ಎಷ್ಟನೇ ಘಾತದಿಂದ ಒಂದು ಕಳೆದರೆ ಅವಿಭಾಜ್ಯ ಬರುತ್ತೆ ಅನ್ನುವ 1644ರ ಪಟ್ಟಿಯಲ್ಲಿ ಪಾದ್ರಿ ಮೆರ್ಸೆನ್ 127ನ್ನೂ ಬರೆದಿದ್ದರು, 67ನ್ನೂ ಬರೆದಿದ್ದರು. 67ನೇ ಘಾತದ್ದು ತಪ್ಪು, ಆ ಸಂಖ್ಯೆ ಅವಿಭಾಜ್ಯ ಅಲ್ಲ ಅಂತ ಲ್ಯೂಕಾ ಅದೇ 1876ರಲ್ಲಿ ಹೇಳಿದರು, ಒಂದು ಅಪವರ್ತನವನ್ನೂ ಕಾಣದೆ. ಆ ಅಪವರ್ತನಗಳನ್ನು ಅಮೆರಿಕದ ಗಣಿತಜ್ಞ ಕೋಲ್ ನ್ಯೂಯಾರ್ಕಿನ ಸಭೆಯಲ್ಲಿ ಮುಂದಿಟ್ಟದ್ದು 1903ರಲ್ಲಿ: 193707721 ಮತ್ತು 761838257287. ಒಡೆಯುತ್ತದೆ ಎಂದು ತಿಳಿಯುವುದೇ ಬೇರೆ, ಒಡೆದು ತೋರಿಸುವುದೇ ಬೇರೆ. ನಡುವೆ 27 ವರ್ಷ ಇದೆ, ಅಲ್ವಾ?

ಚೀಟಿ ಬಂತು, ಬೇಗ ಮುಗಿಸುತ್ತೇನೆ. 2024ರಲ್ಲಿ ಸಿಕ್ಕ 4,10,24,320 ಅಂಕಿಗಳ ಅವಿಭಾಜ್ಯವನ್ನು ಕೊನೆಗೆ ಖಚಿತಪಡಿಸಿದ್ದೂ ಇದೇ ಪರೀಕ್ಷೆ. ಅಲ್ಲೂ ಭಾಗಿಸಿ ಗೆದ್ದದ್ದಲ್ಲ.

ಮನೆಗೆ ಹೋಗಿ 31ಕ್ಕೆ, ಅಂದರೆ ಎರಡರ 5ನೇ ಘಾತದಿಂದ ಒಂದು ಕಳೆದದ್ದಕ್ಕೆ, ಮಾಡಿ, ಮೂರೇ ಸಲ. ಆಮೇಲೆ 11ನೇ ಘಾತದ 2047ಕ್ಕೆ ಒಂಬತ್ತು ಸಲ ಮಾಡಿ. ಸೊನ್ನೆ ಬರಲ್ಲ. ಯಾಕೆ ಅಂತ 23ರಿಂದ ಭಾಗಿಸಿ ನೋಡಿ, ಆದರೆ ಆಮೇಲೆ.