ವೈರು ಎಷ್ಟು ದಪ್ಪ, ಎಂಸಿಬಿ ಎಷ್ಟು ಆಂಪ್?

ಕೇಳುಗರಿಗೆ ನಮಸ್ಕಾರ.

ಗೀಸರ್ ಹಾಕಿದಾಗಲೆಲ್ಲ ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದರೆ ತಾನಾಗಿ ಆಫ್ ಆಗುವ ಸ್ವಿಚ್ಚು, ಬೀಳುತ್ತದೆ. 16 ಆಂಪಿನದು ಸಾಲುತ್ತಿಲ್ಲ ಎಂದುಕೊಂಡು ಅದನ್ನು ಕಿತ್ತು 32 ಆಂಪಿನದನ್ನು ಕೂರಿಸುತ್ತಾರೆ. ಅಲ್ಲಿಗೆ ಬೀಳುವುದು ನಿಲ್ಲುತ್ತದೆ, ಮನೆಮಂದಿಗೂ ನೆಮ್ಮದಿ. ಮನೆ ವೈರಿಂಗ್‌ನಲ್ಲಿ ಆಗುವ ತಪ್ಪುಗಳ ಪೈಕಿ ಇಷ್ಟು ಅಪಾಯದ್ದು ಮತ್ತೊಂದು ಸಿಗುವುದು ಕಷ್ಟ. ಎಂಸಿಬಿ ಕಾಯುವುದು ಗೋಡೆಯೊಳಗಿನ ವೈರನ್ನು. ಗೀಸರ್ ಕೆಟ್ಟರೆ ಬದಲಾಯಿಸಬಹುದು. ಪ್ಲಾಸ್ಟರಿನ ಹಿಂದೆ, ಪೈಪಿನೊಳಗೆ ಬೇಯುತ್ತಿರುವ ವೈರು ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಗಾಗಿ ಲೆಕ್ಕಕ್ಕೊಂದು ಕ್ರಮ ಇದೆ. ಮೊದಲು ಆ ಸರ್ಕ್ಯೂಟಿನ ಲೋಡು ಎಷ್ಟು ಆಂಪ್ ಎಂದು ಹಿಡಿಯಬೇಕು. ಎಂಸಿಬಿಯ ಅಂಕಿ ಅದಕ್ಕಿಂತ ಕಡಿಮೆ ಇರಬಾರದು. ವೈರು ತಾಳುವ ಕರೆಂಟು ಎಂಸಿಬಿಯ ಅಂಕಿಗಿಂತ ಕಡಿಮೆ ಇರಬಾರದು. ಲೋಡು, ಎಂಸಿಬಿ, ವೈರು, ಇದೇ ಕ್ರಮದಲ್ಲಿ ಅಂಕಿ ಏರುತ್ತಾ ಹೋಗಬೇಕು.

ಲೋಡಿನ ಲೆಕ್ಕ ಸುಲಭ. 230 ವೋಲ್ಟಿನ ಮನೆಯಾದರೆ ವ್ಯಾಟನ್ನು 230ರಿಂದ ಭಾಗಿಸಿ. 2000 ವ್ಯಾಟಿನ ಗೀಸರಿಗೆ 8.7 ಆಂಪ್, 3000 ವ್ಯಾಟಿನದಕ್ಕೆ 13 ಆಂಪ್. ಹತ್ತು ವ್ಯಾಟಿನ ಎಲ್ಇಡಿ ಬಲ್ಬುಗಳನ್ನು ಇಪ್ಪತ್ತು ಹಾಕಿದರೂ ಒಂದು ಆಂಪ್ ದಾಟುವುದಿಲ್ಲ. ಮೋಟಾರಿಗೆ ಮಾತ್ರ ಈ ಭಾಗಾಕಾರ ನಂಬಬೇಡಿ. ಒಂದು ಎಚ್‌ಪಿ ಅಂದರೆ 746 ವ್ಯಾಟ್, ನಿಜ; ಅದು ಮೋಟಾರು ಹೊರಗೆ ಕೊಡುವ ಶಕ್ತಿ. ಲೈನಿನಿಂದ ಅದು ಎಳೆಯುವುದು ಇನ್ನೂ ಹೆಚ್ಚು. ಮೈಮೇಲಿನ ತಗಡಿನಲ್ಲಿ ಬರೆದಿರುವ ಆಂಪನ್ನೇ ಹಿಡಿಯಿರಿ.

ಇನ್ನು ವೈರು. ಅದರಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅಂದರೆ ಕರೆಂಟು ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. 1.5 ಸ್ಕ್ವೇರ್ ಎಂಎಂ, ಅಂದರೆ ಅಡ್ಡಕೊಯ್ತದಲ್ಲಿ ಅಷ್ಟು ಚದರ ಮಿಲಿಮೀಟರ್ ಇರುವ, ತಾಮ್ರದ ವೈರಿನಲ್ಲಿ 13 ಆಂಪ್ ಹರಿದರೆ ಪ್ರತಿ ಮೀಟರಿಗೂ ಸುಮಾರು 2.2 ವ್ಯಾಟ್ ಶಾಖ ಹುಟ್ಟುತ್ತದೆ. ಅದೇ ವೈರಿನಲ್ಲಿ 26 ಆಂಪ್ ಹರಿದರೆ 9 ವ್ಯಾಟ್. ಮಾಮೂಲಿ ಪಿವಿಸಿ ಹೊದಿಕೆ ತಾಳುವುದು 70 ಡಿಗ್ರಿವರೆಗೆ. ಅದನ್ನು ಮೀರಿದ ಕೂಡಲೇ ಬೆಂಕಿ ಹತ್ತುವುದಿಲ್ಲ. ಹೊದಿಕೆ ಗಡುಸಾಗಿ, ಬಿರುಕು ಬಿಟ್ಟು, ವರ್ಷಗಳ ಮೇಲೆ ಕೈ ಕೊಡುತ್ತದೆ.

ಗೋಡೆಯೊಳಗೆ ಪೈಪಿನಲ್ಲಿ ಎಳೆದ ಪಿವಿಸಿ ತಾಮ್ರದ ವೈರಿಗೆ ಅಂತರರಾಷ್ಟ್ರೀಯ ಮಾನಕದ ಕೋಷ್ಟಕ ಹೇಳುವ ಅಂಕಿಗಳನ್ನು ಬರೆದುಕೊಳ್ಳಿ. 1.5 ಸ್ಕ್ವೇರ್ ಎಂಎಂಗೆ 17.5 ಆಂಪ್, 2.5ಕ್ಕೆ 24, 4ಕ್ಕೆ 32, 6ಕ್ಕೆ 41. ಅಂಗಡಿಯಲ್ಲಿ ವೈರಿನ ಸುರುಳಿಯ ಮೇಲೆ ಇದಕ್ಕಿಂತ ದೊಡ್ಡ ಅಂಕಿ ಕಂಡರೆ, ಅದು ಬಯಲು ಗಾಳಿಯಲ್ಲಿ ಎಳೆದ ವೈರಿನದೋ ಎಂದು ಮೊದಲು ನೋಡಿ.

ಈ ಅಂಕಿಗಳಿಗೂ ಎರಡು ಷರತ್ತುಗಳಿವೆ. ಸುತ್ತಲಿನ ಉಷ್ಣತೆ 30 ಡಿಗ್ರಿ ಇರಬೇಕು, ಪೈಪಿನಲ್ಲಿ ಒಂದೇ ಸರ್ಕ್ಯೂಟ್ ಇರಬೇಕು. 40 ಡಿಗ್ರಿ ಸೆಕೆಯಾದರೆ 0.87ರಿಂದ ಗುಣಿಸಬೇಕು. ಒಂದೇ ಪೈಪಿನಲ್ಲಿ ಎರಡು ಸರ್ಕ್ಯೂಟ್ ತುರುಕಿದರೆ 0.80ರಿಂದ, ಮೂರಾದರೆ 0.70ರಿಂದ. ಈಗ 2.5ರ ವೈರನ್ನೇ ತೆಗೆದುಕೊಳ್ಳಿ. ಬಿಸಿಲಿಗೆ ಕಾದ ಗೋಡೆ, ಮೂರು ಸರ್ಕ್ಯೂಟಿನ ಪೈಪು. 24 ಗುಣಿಸು 0.87 ಗುಣಿಸು 0.70, ಬರುವುದು 14.6 ಆಂಪ್! "2.5 ಹಾಕಿದ್ದೀವಲ್ಲ, 16 ಆಂಪಿಗೆ ಧಾರಾಳ" ಎಂಬ ಮಾತು ಇಲ್ಲಿ ಮುರಿದುಬೀಳುತ್ತದೆ. ಹೀಗಿರುವಲ್ಲಿ 4 ಸ್ಕ್ವೇರ್ ಎಂಎಂ ಎಳೆಯಿರಿ. ಅದಕ್ಕಿಂತಲೂ ಒಳ್ಳೆಯದು, ಗೋಡೆ ಕೊರೆಯುವಾಗಲೇ ಗೀಸರಿಗೆ ಬೇರೆ, ಎಸಿಗೆ ಬೇರೆ ಪೈಪು ಇಟ್ಟುಬಿಡುವುದು. ಸಣ್ಣ ಲೋಡಿನ ದೀಪದ ಸರ್ಕ್ಯೂಟು ಜೊತೆಗಿದ್ದರೆ ಅಷ್ಟು ಚಿಂತೆ ಬೇಡ, ಬಿಸಿಯಾಗುವುದು ಗಂಟೆಗಟ್ಟಲೆ ಉರಿಯುವ ಲೋಡುಗಳಿಂದ.

ಎಂಸಿಬಿಯ ಸ್ವಭಾವವನ್ನೂ ಸ್ವಲ್ಪ ತಿಳಿದಿರಬೇಕು. 16 ಎಂದು ಬರೆದಿದ್ದರೆ 16.1 ಆಂಪಿಗೆ ಟಕ್ ಎಂದು ಬೀಳುತ್ತದೆ ಎಂದುಕೊಳ್ಳಬೇಡಿ. ಬರೆದ ಅಂಕಿಯ 1.13 ಪಟ್ಟು ಕರೆಂಟಿಗೆ ಅದು ಒಂದು ಗಂಟೆಯಾದರೂ ಬೀಳಬಾರದು, 1.45 ಪಟ್ಟಿಗೆ ಒಂದು ಗಂಟೆಯೊಳಗೆ ಬೀಳಲೇಬೇಕು. ತಯಾರಾಗುವುದೇ ಹೀಗೆ. ಆ 32 ಆಂಪಿನ ಎಂಸಿಬಿ 36 ಆಂಪನ್ನು ಒಂದು ಗಂಟೆ ಸುಮ್ಮನೆ ಬಿಡುತ್ತದೆ. ಹಿಂದಿರುವ ವೈರು 1.5ರದಾದರೆ ತನ್ನ ತಾಕತ್ತಿನ ಎರಡು ಪಟ್ಟು ಕರೆಂಟನ್ನು, ನಾಲ್ಕು ಪಟ್ಟು ಶಾಖವನ್ನು ಅದು ಅಷ್ಟು ಹೊತ್ತೂ ಸಹಿಸಬೇಕು.

ಅಡುಗೆಮನೆಯಲ್ಲಿ "ಒಮ್ಮೊಮ್ಮೆ ಬೀಳುತ್ತೆ, ಒಮ್ಮೊಮ್ಮೆ ಇಲ್ಲ" ಎಂಬ ದೂರಿಗೂ ಇದೇ ಕಾರಣ. ಇಂಡಕ್ಷನ್ ಒಲೆ 2000 ವ್ಯಾಟ್, ಕೆಟಲ್ 1500, ಮೈಕ್ರೋವೇವ್ 1200. ಮೂರೂ ಒಟ್ಟಿಗೆ ನಡೆದರೆ 20 ಆಂಪ್ ದಾಟುತ್ತದೆ. 16ರ ಎಂಸಿಬಿಗೆ ಅದು ಸುಮಾರು 1.28 ಪಟ್ಟು, ಬೀಳಲೂಬಹುದು, ಬೀಳದೆಯೂ ಇರಬಹುದು. ಇದಕ್ಕೆ ದೊಡ್ಡ ಎಂಸಿಬಿ ಮದ್ದಲ್ಲ. ಅಡುಗೆಮನೆಗೆ ಕನಿಷ್ಠ ಎರಡು ಪವರ್ ಸರ್ಕ್ಯೂಟ್ ಇರಲಿ, ಎರಡಕ್ಕೂ ಡಿಬಿಯಿಂದಲೇ, ಅಂದರೆ ಎಂಸಿಬಿಗಳು ಕೂರುವ ಪೆಟ್ಟಿಗೆಯಿಂದಲೇ, ಬೇರೆ ಬೇರೆ ವೈರು ಬರಲಿ.

ಉಳಿದ ಕಡೆ ರೂಢಿಯ ಅಳತೆ ಸಾಕು. ದೀಪ, ಫ್ಯಾನಿಗೆ 1.5ರ ವೈರು, 6 ಅಥವಾ 10 ಆಂಪಿನ ಎಂಸಿಬಿ. ಪವರ್ ಸಾಕೆಟ್, ಗೀಸರಿಗೆ 2.5, 16 ಆಂಪ್. ದೊಡ್ಡ ಎಸಿಗೆ 4, 20 ಆಂಪ್. ಅರ್ಥ್ ವೈರು ಈ ಅಳತೆಗಳಲ್ಲಿ ಫೇಸಿನಷ್ಟೇ ದಪ್ಪ ಇರಲಿ. ಒಂದು ಸರ್ಕ್ಯೂಟಿನ ನ್ಯೂಟ್ರಲನ್ನು ಇನ್ನೊಂದಕ್ಕೆ ಎರವಲು ಕೊಡಬೇಡಿ. ಒಂದೇ ಫೇಸಿನ ಎರಡು ಸರ್ಕ್ಯೂಟಿನ ಕರೆಂಟೂ ಆ ಒಂದೇ ನ್ಯೂಟ್ರಲಿನಲ್ಲಿ ವಾಪಸ್ ಬರುತ್ತದೆ, ನ್ಯೂಟ್ರಲಿಗೆ ಕಾವಲು ಇಲ್ಲ. ಆರ್‌ಸಿಸಿಬಿ ಇದೆಯಲ್ಲ ಎನ್ನಬೇಡಿ. ಅದು ಹಿಡಿಯುವುದು ಸೋರಿಕೆಯನ್ನು, ಓವರ್‌ಲೋಡನ್ನು ಅಲ್ಲ.

ದೂರ ಹೆಚ್ಚಾದಾಗ ಶಾಖಕ್ಕಿಂತ ವೋಲ್ಟೇಜ್ ಬೀಳುವುದೇ ದೊಡ್ಡ ತೊಂದರೆ. ಬಾವಿಯ ಪಂಪು ಡಿಬಿಯಿಂದ 40 ಮೀಟರ್ ದೂರ ಇದೆ, 7 ಆಂಪ್ ಎಳೆಯುತ್ತದೆ ಎನ್ನಿ. 1.5ರ ವೈರು ಎಳೆದರೆ ಹೋಗಿ ಬರುವ 80 ಮೀಟರಿಗೆ ಒಂದು ಓಮಿಗಿಂತ ಚೂರು ಹೆಚ್ಚು ರೆಸಿಸ್ಟೆನ್ಸ್. ಓಡುತ್ತಿರುವಾಗ ಏಳೂವರೆ ವೋಲ್ಟ್ ನಷ್ಟ, ಅಡ್ಡಿಯಿಲ್ಲ. ಆದರೆ ಮೋಟಾರು ಎದ್ದೇಳುವ ಗಳಿಗೆಯಲ್ಲಿ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಆಗ ದಾರಿಯಲ್ಲೇ 40 ವೋಲ್ಟಿನ ಹತ್ತಿರ ಹೋಗಿಬಿಡುತ್ತದೆ. ಮೋಟಾರಿನ ಎಳೆತ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಕುಸಿಯುವುದರಿಂದ, ಪಂಪು ಗುಂಯ್ ಎನ್ನುತ್ತಾ ನಿಂತಲ್ಲೇ ನಿಲ್ಲಬಹುದು, ವೈಂಡಿಂಗ್ ಸುಡಬಹುದು. 4 ಸ್ಕ್ವೇರ್ ಎಂಎಂ ಹಾಕಿದರೆ ನಷ್ಟ ನೂರಕ್ಕೆ ಸುಮಾರು 38ರಷ್ಟಕ್ಕೆ ಇಳಿಯುತ್ತದೆ. ಎದ್ದೇಳುವಾಗಿನ ಕರೆಂಟಿಗೆ ತಕ್ಷಣ ಬೀಳದ ಸಿ ಕರ್ವ್ ಎಂಸಿಬಿಯೇ ಮೋಟಾರಿಗೆ ಸರಿ. ಆದರೆ ಅದು ಶಾರ್ಟ್ ಆದಾಗ ತಕ್ಷಣ ಬೀಳಬೇಕಾದರೆ ಅಂಕಿಯ ಹತ್ತು ಪಟ್ಟುವರೆಗೂ ಕರೆಂಟು ಬೇಕಾಗಬಹುದು. ಉದ್ದನೆಯ ಸಣ್ಣ ವೈರು ಅಷ್ಟು ಕರೆಂಟು ಹರಿಯಲು ಬಿಡದೆ ಹೋದರೆ ಎಂಸಿಬಿ ತಡಮಾಡುತ್ತದೆ. ದೂರದ ಸರ್ಕ್ಯೂಟಿಗೆ ದಪ್ಪ ವೈರು ಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ಹಳೆಯ ಮನೆಗಳಲ್ಲಿ ಗೇಜ್ ಲೆಕ್ಕದ ವೈರು ಸಿಗುತ್ತದೆ. ಗೇಜ್ ಅಂಕಿ ದೊಡ್ಡದಾದಷ್ಟೂ ಎಳೆ ಸಣ್ಣದು, ಇದು ಹಲವರಿಗೆ ಗೊಂದಲ. 3/22 ಅಂದರೆ 22 ಗೇಜಿನ ಮೂರು ಎಳೆ, ಸೇರಿ ಸುಮಾರು 1.2 ಸ್ಕ್ವೇರ್ ಎಂಎಂ. ಅದನ್ನು 1.5 ಎಂದು ಹಿಡಿದು ಲೆಕ್ಕ ಹಾಕುವುದು ತಪ್ಪು. 7/20 ಸುಮಾರು 4.6 ಬರುತ್ತದೆ. ಹೊಸ ವೈರಿನಲ್ಲಿ ಅನುಮಾನ ಬಂದರೆ ತುದಿ ಸುಲಿದು ಎಳೆ ಎಣಿಸಿ. 0.3 ಮಿಲಿಮೀಟರಿನ ಎಳೆ 22 ಇದ್ದರೆ 1.5, 36 ಇದ್ದರೆ 2.5, 56 ಇದ್ದರೆ 4. ಎಳೆಯ ದಪ್ಪವನ್ನು ಮೈಕ್ರೋಮೀಟರಿನಲ್ಲೇ ಅಳೆಯಬೇಕು, ಕಣ್ಣಂದಾಜು ಸಾಲದು.

ಕಡೆಯದಾಗಿ, ಎಷ್ಟು ದಪ್ಪ ವೈರು ಎಳೆದರೂ ಸ್ಕ್ರೂ ಸಡಿಲ ಇದ್ದರೆ ದಂಡ. ಸಾಕೆಟಿನ ತೂತಿಗೆ 4ರ ವೈರು ತೂರುವುದಿಲ್ಲ ಎಂದು ನಾಲ್ಕು ಎಳೆ ಕತ್ತರಿಸಿಬಿಡುವವರಿದ್ದಾರೆ. ಅಲ್ಲಿ ಆ ವೈರು 4ರದಾಗಿ ಉಳಿಯಲಿಲ್ಲ. ಸಡಿಲ ಜೋಡಣೆಯಲ್ಲಿ ಒಂದು ಓಮಿನ ಹತ್ತನೇ ಒಂದು ಭಾಗ ರೆಸಿಸ್ಟೆನ್ಸ್ ಇದ್ದರೂ 13 ಆಂಪಿಗೆ 17 ವ್ಯಾಟ್ ಶಾಖ ಆ ಒಂದೇ ಬಿಂದುವಿನಲ್ಲಿ ಕೂಡುತ್ತದೆ. ಕರೆಂಟು ಹೆಚ್ಚಿಲ್ಲದ ಕಾರಣ ಎಂಸಿಬಿಗೆ ಇದರ ಸುಳಿವೇ ಸಿಗುವುದಿಲ್ಲ. ಸಾಕೆಟ್ ಹಳದಿಗಟ್ಟಿದ್ದರೆ, ಸುಟ್ಟ ವಾಸನೆ ಬಂದರೆ, ಮೈನ್ ಆಫ್ ಮಾಡಿ, ಲೈನು ಸತ್ತಿದೆಯೇ ಎಂದು ಪರೀಕ್ಷಿಸಿಯೇ ಬಿಚ್ಚಬೇಕು. ಆ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಮಾಡಲಿ. ಕರಿಗಟ್ಟಿದ ತುದಿಯನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಎಳೆಗಳಿಗೆ ಫೆರೂಲ್ ಎಂಬ ಲೋಹದ ಸಣ್ಣ ಕೊಳವೆ ಒತ್ತಿ, ಹೊಸ ಸಾಕೆಟಿಗೆ ಬಿಗಿಯಬೇಕು. ಕಾದು ಮೆತ್ತಗಾದ ಹಳೆಯ ಸಾಕೆಟನ್ನು ಎಷ್ಟು ಬಿಗಿದರೂ ಮತ್ತೆ ಸಡಿಲಾಗುತ್ತದೆ.

ನಮಸ್ಕಾರ.